ವಾರ್ಡಿನಲ್ಲಿ ಕೇಳಬೇಕಾದ ಪ್ರಶ್ನೆ

ತೊಡೆಯ ಮೂಳೆ ಮುರಿದು ಆಸ್ಪತ್ರೆಗೆ ದಾಖಲಾದ ನಡುವಯಸ್ಸಿನವನೊಬ್ಬ ಮೂರನೆಯ ದಿನ ಗಡಗಡ ನಡುಗತೊಡಗುತ್ತಾನೆ. ಗೋಡೆಯ ಮೇಲೆ ಹುಳು ಹರಿಯುತ್ತಿವೆಯೆಂದು ಕಿರುಚಿ ಡ್ರಿಪ್ಸ್ ಕಿತ್ತೊಗೆಯುತ್ತಾನೆ. ಗಾಳಿ ಸೋಕಿತೆಂದು ಮನೆಯವರು ಹೆದರುತ್ತಾರೆ. ನಿತ್ಯ ಕುಡಿಯುವವನಿಗೆ ಮದ್ಯ ಒಮ್ಮೆಲೇ ತಪ್ಪಿದಾಗ ಎರಡು ಮೂರು ದಿನಗಳಲ್ಲಿ ಕಾಣಿಸಿಕೊಳ್ಳುವ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೂ ಎರವಾಗಬಲ್ಲ ಸನ್ನಿ ಇದು. ದಾಖಲಾದ ದಿನವೇ ಕುಡಿತದ ವಿಷಯ ತಿಳಿದಿದ್ದರೆ ಬಹುಮಟ್ಟಿಗೆ ತಡೆಯಬಹುದಿತ್ತು.

ಯಾರೂ ವಿಚಾರಿಸುವುದಿಲ್ಲವೆಂದಲ್ಲ. ‘ಕುಡೀತೀಯೇನಯ್ಯಾ?’ ಎಂದು ಹೆಂಡತಿ ಮಕ್ಕಳೆದುರು ಗದರಿದರೆ ಯಾರು ತಾನೇ ನಿಜ ನುಡಿದಾರು? ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ತರಬೇತಿ ಪಡೆದ ದಾದಿಯೊಬ್ಬರು ಅದನ್ನು ಕೆಲವೇ ನಿಮಿಷಗಳಲ್ಲಿ ಕೇಳಿ ಮುಗಿಸಬಹುದು. ಎಂಟು ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಗೆರೆ ದಾಟಿದೆಯೆಂದು ಅರ್ಥ.

ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಉಳಿದವರು ವ್ಯಸನಮುಕ್ತಿ ಕೇಂದ್ರದ ಮೆಟ್ಟಿಲು ಹತ್ತುವವರಲ್ಲ. ಆದರೆ ಯಕೃತ್ತಿನ ಕಾಯಿಲೆ, ಕ್ಷಯ, ರಸ್ತೆ ಅಪಘಾತ ಎಂದು ಎಂದಾದರೊಂದು ದಿನ ಸಾಮಾನ್ಯ ಆಸ್ಪತ್ರೆಗೆ ಬಂದೇ ಬರುತ್ತಾರೆ. ಹಾಸಿಗೆ ಹಿಡಿದು, ಸಾವನ್ನು ಹತ್ತಿರದಿಂದ ಕಂಡ ಆ ಗಳಿಗೆಯಲ್ಲಿ ಮನಸ್ಸು ಮೆತ್ತಗಾಗಿರುತ್ತದೆ. ಅಂತಹ ಗಳಿಗೆಯನ್ನು ನಾವು ಪ್ಲಾಸ್ಟರು, ಮಾತ್ರೆಗಳಲ್ಲೇ ಕಳೆದುಬಿಡುತ್ತೇವೆ.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ, 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಪ್ರಸ್ತುತ. ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ನೀಡಿ, ಅತಿಯಾಗಿ ಕುಡಿಯುವ ಪುರುಷರೊಡನೆ ಗರಿಷ್ಠ ನಾಲ್ಕು ಭೇಟಿಗಳಲ್ಲಿ ಆಪ್ತಸಮಾಲೋಚನೆ ನಡೆಸಲಾಯಿತು. ಮೂರು ತಿಂಗಳ ಬಳಿಕ ಅವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 26. ಪವಾಡವೇನಲ್ಲ, ನಿಜ. ದೀರ್ಘಕಾಲದ ವ್ಯಸನಿಗಳಿಗೆ ಇಷ್ಟು ಸಾಲದು. ಆದರೆ ತಗಲುವ ವೆಚ್ಚಕ್ಕೆ ಹೋಲಿಸಿದರೆ ಇಷ್ಟು ಪ್ರತಿಫಲ ಕೊಡುವ ಸರ್ಕಾರಿ ಯೋಜನೆಗಳು ವಿರಳ.

ಇನ್ನೊಂದು ತೊಡಕು ವಿಮೆಯದು. ಕೇಸ್ ಶೀಟಿನಲ್ಲಿ ಮದ್ಯದ ಮಾತು ಬಂದರೆ ಕ್ಲೇಮು ಕೈತಪ್ಪೀತೆಂದು ಬಂಧುಗಳು ಮುಚ್ಚಿಡುತ್ತಾರೆ, ಕರುಣೆಯಿಂದ ವೈದ್ಯರೂ ಬರೆಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯವ್ಯಸನಕ್ಕೆ ಸಂಬಂಧಿಸಿದ ಮನೋಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸಿ, ದೈಹಿಕ ಕಾಯಿಲೆಗೆ ಸಮನಾದ ವಿಮಾ ಸೌಲಭ್ಯ ವಿಧಿಸಿದೆ. ಕಾಯ್ದೆಯ ಈ ಆಶಯ ವಾರ್ಡಿನವರೆಗೆ ಇಳಿಯಬೇಕಾಗಿದೆ.

ಹಣವಿಲ್ಲವೆಂದು ಸರ್ಕಾರ ಹೇಳುವಂತಿಲ್ಲ. 2024–25ರ ಮುಂಗಡಪತ್ರದಲ್ಲಿ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 38,525 ಕೋಟಿ ರೂಪಾಯಿ. ಅದರ ಒಂದು ಸಣ್ಣ ಪಾಲಿನಲ್ಲಿ ಪ್ರತಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗೆ ಒಬ್ಬ ಆಪ್ತಸಮಾಲೋಚಕರನ್ನು, ಬಿಡುಗಡೆಯಾದ ರೋಗಿಗೆ ಕರೆಮಾಡಿ ವಿಚಾರಿಸಲು ಒಂದು ದೂರವಾಣಿಯನ್ನು ಒದಗಿಸಬಹುದು.