ಪ್ರಮಾಣಪತ್ರವಿದೆ, ಪದವಿ ಎಲ್ಲಿ?

ಈಚೆಗೆ ಒಂದು ಸಂಜೆ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಆರು ಅಡಿ ಮೀರಿದ ಎತ್ತರದ ಹುಡುಗ. ಎಂಥ ಜನಜಂಗುಳಿಯಲ್ಲೂ ಕಣ್ಣಿಗೆ ಬೀಳುವವನು. ನಾನು ಪಶ್ಚಿಮ ಬೆಂಗಳೂರಿನ ಸಣ್ಣ ಪದವಿ ಕಾಲೇಜೊಂದರಲ್ಲಿ ಮೂರು ದಶಕ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಕೊನೆಯ ಕೆಲವು ವರ್ಷ ಕಾಲೇಜಿನ ಕ್ರೀಡಾ ಸಮಿತಿಯ ಹೊಣೆಯೂ ನನ್ನದಾಗಿತ್ತು. ಈ ಹುಡುಗ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮೂರು ವರ್ಷ ಆಡಿದ್ದ. ಈಗ ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿದೆ. ಕೆಂಗೇರಿಯ ಆಚೆಗಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿರುವುದಾಗಿಯೂ ಗಂಟೆಯ ಲೆಕ್ಕದಲ್ಲಿ ದುಡ್ಡು ಬರುವುದಾಗಿಯೂ ಹೇಳಿದ. ಬೇಸಿಗೆ ರಜೆಯಲ್ಲಿ ಪರವಾಗಿಲ್ಲವಂತೆ, ಮಳೆ ಹಿಡಿದರೆ ಕಷ್ಟವಂತೆ. ಬಿ.ಕಾಂ. ಮುಗಿಯಿತೇ ಎಂದಾಗ ತಲೆ ತಗ್ಗಿಸಿದ. ಎರಡು ವಿಷಯ ಬಾಕಿ ಇವೆ.

ಆಮೇಲೆ ಅವನು ಹೇಳಿದ ಮಾತು ನನ್ನನ್ನು ಈ ಲೇಖನಕ್ಕೆ ಕೂರಿಸಿತು. ‘ಸರ್, ಅಂತರ ಕಾಲೇಜು ಸರ್ಟಿಫಿಕೇಟು ಒಂದು ಫೈಲ್ ತುಂಬ ಇದೆ. ಒಂದೂ ಕೆಲಸಕ್ಕೆ ನಡೆಯಲ್ಲವಂತೆ. ಆಡು, ಕೆಲಸ ಸಿಗುತ್ತೆ ಅಂತ ಆಗ ನೀವೇ ಹೇಳಿದ್ರಲ್ಲ?’

ಹೇಳಿದ್ದು ನಿಜ. ಅವನಿಗೊಬ್ಬನಿಗೇ ಅಲ್ಲ, ಹತ್ತಾರು ಹುಡುಗರಿಗೆ ಹೇಳಿದ್ದೇನೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ನಾನು ಅಧ್ಯಾಪಕ ವೃತ್ತಿಗೆ ಬಂದ ಕಾಲದಲ್ಲಿ ಅದು ಅಷ್ಟಿಷ್ಟು ನಿಜವಾಗಿತ್ತು. ಕಾಲ ಬದಲಾದದ್ದನ್ನು ಗಮನಿಸದೆ ಹಳೆಯ ಮಾತನ್ನೇ ಒಪ್ಪಿಸುತ್ತಾ ಹೋದದ್ದು ನನ್ನ ತಪ್ಪು. ಇದು ನನ್ನೊಬ್ಬನ ತಪ್ಪಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಸಣ್ಣ ಕಾಲೇಜುಗಳಲ್ಲಿ ಇಂದಿಗೂ ಪ್ರವೇಶದ ಹೊತ್ತಿನಲ್ಲಿ ಎತ್ತರದ ಹುಡುಗರಿಗೆ ಇದೇ ಭರವಸೆಯ ಮಾತು ಕೇಳಿಸುತ್ತಿದೆ.

ಆ ಕಾಲ ಹೇಗಿತ್ತು ಎಂಬುದನ್ನು ನೆನೆಯೋಣ. ಬೆಂಗಳೂರು ಸಾರ್ವಜನಿಕ ಉದ್ದಿಮೆಗಳ ಮತ್ತು ಬ್ಯಾಂಕುಗಳ ನಗರವಾಗಿತ್ತು. ಐಟಿಐ, ಎಚ್‌ಎಎಲ್‌ಗಳ ಫುಟ್‌ಬಾಲ್ ತಂಡಗಳ ಹೆಸರು ಮನೆಮಾತಾಗಿತ್ತು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿದ್ದ ವಿಜಯ ಬ್ಯಾಂಕ್ ತನ್ನದೇ ಬ್ಯಾಸ್ಕೆಟ್‌ಬಾಲ್ ತಂಡವನ್ನು ಸಾಕಿತ್ತು. ಚೆನ್ನಾಗಿ ಆಡುವ ಪದವೀಧರ ಗುಮಾಸ್ತನಾಗಿ ಸೇರುತ್ತಿದ್ದ. ಹಗಲು ಲೆಡ್ಜರು, ಸಂಜೆ ಅಂಕಣ. ಆಡುವ ವಯಸ್ಸು ಮುಗಿದ ಮೇಲೂ ಕೆಲಸ ಉಳಿಯುತ್ತಿತ್ತು, ಪಿಂಚಣಿ ಇರುತ್ತಿತ್ತು. ಮಧ್ಯಮ ವರ್ಗದ ತಂದೆತಾಯಂದಿರು ಮಗನ ಕೈಗೆ ಚೆಂಡು ಕೊಡಲು ಒಪ್ಪುತ್ತಿದ್ದದ್ದು ಈ ಭದ್ರತೆಯನ್ನು ನಂಬಿ.

ಆ ನಂಬಿಕೆಯ ತಳಪಾಯ ಒಂದೊಂದಾಗಿ ಕುಸಿಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐನಲ್ಲಿ ಲೀನವಾಯಿತು. 2019ರ ಏಪ್ರಿಲ್‌ನಲ್ಲಿ ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಮೂರೇ ವರ್ಷದಲ್ಲಿ ಕರ್ನಾಟಕದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಐದು ಸಾರ್ವಜನಿಕ ಬ್ಯಾಂಕುಗಳಲ್ಲಿ ಉಳಿದದ್ದು ಒಂದು. ವಿಲೀನದಿಂದ ಬ್ಯಾಂಕುಗಳ ಬಲ ಹೆಚ್ಚಿತೇ ಎಂಬುದು ಬೇರೆ ಚರ್ಚೆ. ಆಟಗಾರನ ದೃಷ್ಟಿಯಿಂದ ನೋಡಿದರೆ, ಐದು ಕಡೆ ಅರ್ಜಿ ಹಾಕಬಹುದಾಗಿದ್ದ ಹುಡುಗನಿಗೆ ತನ್ನ ನಾಡಿನಲ್ಲಿ ತಟ್ಟಲು ಒಂದೇ ಬಾಗಿಲು ಉಳಿಯಿತು.

ಇನ್ನು ಸರ್ಕಾರಿ ಕ್ರೀಡಾ ಕೋಟಾ. ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರಾವುದರ ಬಗ್ಗೆಯೂ ಇಲ್ಲ. ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ‘ಸಿ’ ದರ್ಜೆಯ ನೇರ ನೇಮಕಾತಿಯ ಹುದ್ದೆಗಳಲ್ಲಿ ಗರಿಷ್ಠ ಶೇ 5ರಷ್ಟನ್ನು ಕ್ರೀಡಾಪಟುಗಳಿಂದ ತುಂಬಬಹುದು. ‘ತುಂಬಬಹುದು’ ಎಂಬ ಪದವನ್ನು ಓದುಗರು ಗಮನಿಸಬೇಕು, ತುಂಬಲೇಬೇಕೆಂದಿಲ್ಲ. ಅರ್ಹತೆಯ ಆದ್ಯತಾಕ್ರಮ ಹೀಗಿದೆ: ಮೊದಲು ದೇಶವನ್ನು ಪ್ರತಿನಿಧಿಸಿದವರು, ಬಳಿಕ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರಾಜ್ಯದ ಪರ ಆಡಿ ಮೂರನೆಯ ಸ್ಥಾನದೊಳಗೆ ಬಂದವರು, ಬಳಿಕ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮೂರರೊಳಗೆ ಬಂದವರು, ಅನಂತರ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಅದೇ ಸಾಧನೆ ಮಾಡಿದವರು. ಅಂತರ ಕಾಲೇಜು ಪಂದ್ಯಗಳ ಹೆಸರೇ ಈ ಪಟ್ಟಿಯಲ್ಲಿಲ್ಲ. ಜೊತೆಗೆ 2020ರಲ್ಲಿ ಕೋಟಾಕ್ಕೆ ಅರ್ಹವಾದ ಕ್ರೀಡೆಗಳ ಸಂಖ್ಯೆ 43ರಿಂದ 63ಕ್ಕೆ ಏರಿತು. ಹೊಸ ಆಟಗಳಿಗೆ ಮನ್ನಣೆ ದೊರೆತದ್ದು ಸರಿಯೇ. ಆದರೆ ಶೇ 5ರ ಪಾಲನ್ನು ಹಂಚಿಕೊಳ್ಳುವವರು ಹೆಚ್ಚಾದರು.

ಹಾಗಾದರೆ ಸಣ್ಣ ಕಾಲೇಜಿನ ಹುಡುಗ ವಿಶ್ವವಿದ್ಯಾಲಯದ ತಂಡ ಸೇರಿ ಪದಕ ಗೆಲ್ಲಲಿ ಎನ್ನಬಹುದು. ಇಲ್ಲಿಯೇ ವ್ಯವಸ್ಥೆಯ ಓರೆ ಕಾಣುವುದು. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಇರುವುದು ಹನ್ನೆರಡು ಸ್ಥಾನ. ನೂರಾರು ಕಾಲೇಜುಗಳಿಗೆ ಮಾನ್ಯತೆ ನೀಡಿರುವ ವಿಶ್ವವಿದ್ಯಾಲಯಕ್ಕೂ ಒಂದೇ ತಂಡ, ಒಂದೆರಡು ಆವರಣಗಳಿರುವ ಖಾಸಗಿ ವಿಶ್ವವಿದ್ಯಾಲಯಕ್ಕೂ ಒಂದೇ ತಂಡ. ಖಾಸಗಿ ವಿಶ್ವವಿದ್ಯಾಲಯ ಪಿಯುಸಿ ಮುಗಿಸಿದ ಪ್ರತಿಭಾವಂತರನ್ನು ಹುಡುಕಿ, ಶುಲ್ಕ ವಿನಾಯಿತಿ ಕೊಟ್ಟು ವರ್ಷವಿಡೀ ಒಂದೇ ಅಂಕಣದಲ್ಲಿ ಪಳಗಿಸಬಲ್ಲದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾನ್ಯತೆ ನೀಡುವ ವಿಶ್ವವಿದ್ಯಾಲಯದ ತಂಡ ಬೇರೆ ಬೇರೆ ಕಾಲೇಜುಗಳಿಂದ ಬಂದು, ಟೂರ್ನಿಗೆ ಮುನ್ನ ಕೆಲವೇ ದಿನ ಒಟ್ಟಿಗೆ ಆಡಿ ರೈಲು ಹತ್ತುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದಾಗ ಒಂದು ತಂಡದ ಜಾಗದಲ್ಲಿ ಮೂರು ತಂಡಗಳಿಗೆ ಅವಕಾಶವಾಯಿತೆಂದು ನಾವು ಹಿಗ್ಗಿದ್ದೆವು. ಆದರೆ ಜೆರ್ಸಿ ತೊಡುವವರ ಸಂಖ್ಯೆ ಹೆಚ್ಚಿದರೂ ಪ್ರತಿಭೆ ಮೂರು ಕಡೆ ಹಂಚಿಹೋಯಿತು. ಕೋಟಾದಲ್ಲಿ ಮೊದಲ ಆದ್ಯತೆ ಬರಿಯ ಜೆರ್ಸಿಗಲ್ಲ, ಪದಕಕ್ಕೆ.

ವೃತ್ತಿಪರ ಲೀಗ್‌ಗಳ ಆಸೆಯೂ ಇದೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಹಳ್ಳಿಯ ಹುಡುಗರ ಬದುಕು ಬದಲಿಸಿದ್ದನ್ನು ನಮ್ಮ ಆಟಗಾರರು ನೋಡಿದ್ದಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲೂ 2015ರಲ್ಲಿ ಯುಬಿಎ ಲೀಗ್ ಬಂದಿತು, ಬೆಂಗಳೂರಿನ ಹೆಸರಿನ ತಂಡವೂ ಇತ್ತು. 2017ರ ನಂತರ ಅದು ನಡೆಯಲಿಲ್ಲ. 2022ರಲ್ಲಿ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಆರಂಭವಾಯಿತು. ಇಂಥ ಪ್ರಯತ್ನಗಳು ಬೆಳೆಯಲಿ. ಆದರೆ ದೇಶಕ್ಕೆ ಬೆರಳೆಣಿಕೆಯ ತಂಡಗಳಿರುವ ಲೀಗ್ ಅನ್ನು ನೆಚ್ಚಿಕೊಂಡು ಬಸವೇಶ್ವರನಗರದ ಬಿ.ಕಾಂ. ವಿದ್ಯಾರ್ಥಿ ಬದುಕು ಕಟ್ಟಿಕೊಳ್ಳಲಾರ.

ಹೆಣ್ಣುಮಕ್ಕಳ ದಾರಿ ಇನ್ನೂ ಕಿರಿದು. 2017ರ ಜುಲೈನಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗದ ಪ್ರಶಸ್ತಿ ಗೆದ್ದರು. ಆ ಗೆಲುವಿನ ನಂತರ ನಮ್ಮ ಕಾಲೇಜಿನ ಹುಡುಗಿಯರ ಉತ್ಸಾಹ ಹೇಳತೀರದು. ಆದರೆ ಆಟವನ್ನೇ ನೆಚ್ಚಿ ಕೆಲಸ ಕೇಳುವ ಹುಡುಗಿಗೆ ಮುಖ್ಯವಾಗಿ ಕಾಣುವ ಬಾಗಿಲು ರೈಲ್ವೆಯೊಂದೇ. ರಾಷ್ಟ್ರೀಯ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ದಶಕಗಳಿಂದ ಮೇಲುಗೈ ಸಾಧಿಸಿರುವ ಸಂಸ್ಥೆ ಅದು. ಅಲ್ಲಿ ಆಯ್ಕೆಯಾಗುವವರು ಈಗಾಗಲೇ ರಾಷ್ಟ್ರೀಯ ಮಟ್ಟ ಮುಟ್ಟಿದವರು.

ಇಷ್ಟೆಲ್ಲ ಹೇಳಿ ಆಡಬೇಡಿ ಎಂದು ಉಪದೇಶಿಸುವುದು ನನ್ನ ಉದ್ದೇಶವಲ್ಲ. ಹೇಳಬೇಕಾದದ್ದು ಬೇರೆಯೇ ಇದೆ. ನನ್ನ ವಿದ್ಯಾರ್ಥಿಯ ಪ್ರಮಾಣಪತ್ರಗಳು ಸಂಪೂರ್ಣ ನಿರುಪಯೋಗಿ ಎಂದು ನಾನೂ ಭಾವಿಸಿದ್ದೆ. ಮನೆಗೆ ಬಂದು ನಿಯಮಗಳನ್ನು ತಿರುವಿ ಹಾಕಿದಾಗ ಅದು ಪೂರ್ತಿ ನಿಜವಲ್ಲವೆಂದು ತಿಳಿಯಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಪಿ.ಎಡ್. ಕೋರ್ಸಿಗೆ ಸೇರಲು ಯಾವುದೇ ವಿಷಯದ ಪದವಿಯಲ್ಲಿ ಶೇ 50 ಅಂಕ ಇದ್ದು, ಅಂತರ ಕಾಲೇಜು ಮಟ್ಟದಲ್ಲಿ ಭಾಗವಹಿಸಿದ್ದರೂ ಸಾಕು. ಪದಕ ಬೇಕಿಲ್ಲ. ನೌಕರಿಯ ಕೋಟಾದಲ್ಲಿ ಕಾಸಿನ ಬೆಲೆಯಿಲ್ಲದ ಅದೇ ಹಾಳೆಗೆ ಇಲ್ಲಿ ಬೆಲೆಯಿದೆ. ಕೆಂಗೇರಿಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲಿ ವಿಶ್ವವಿದ್ಯಾಲಯದ್ದೇ ದೈಹಿಕ ಶಿಕ್ಷಣ ಕಾಲೇಜಿದೆ. ಬಿ.ಪಿ.ಎಡ್. ಮಾಡಿದವರೆಲ್ಲರಿಗೂ ಕೆಲಸ ಕಾದಿರುತ್ತದೆ ಎಂದು ಮತ್ತೆ ಹಳೆಯ ತಪ್ಪನ್ನು ಮಾಡಲಾರೆ. ಆದರೆ ಗಂಟೆ ಲೆಕ್ಕದ ಕೂಲಿಗೂ ಶಾಲೆಯೊಂದರ ದೈಹಿಕ ಶಿಕ್ಷಕನ ಹುದ್ದೆಗೂ ಅಂತರವಿದೆ. ಆ ಅಂತರವನ್ನು ದಾಟಿಸುವುದು ಪ್ರಮಾಣಪತ್ರವೊಂದೇ ಅಲ್ಲ. ಅದರ ಕೆಳಗೆ ಪದವಿಯೊಂದು ಇರಬೇಕು. ಆ ಹುಡುಗನ ಹತ್ತಿರ ಇಲ್ಲದಿರುವುದು ಅದೇ. ಬ್ಯಾಂಕಿಗೆ, ಕಂಪನಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಹೋಗುತ್ತೇನೆಂದರೂ ಮೊದಲು ಕೇಳುವುದು ಅದನ್ನೇ.

ಅವನು ದಡ್ಡನಾಗಿರಲಿಲ್ಲ. ಸೆಮಿಸ್ಟರಿನ ನಡುವೆ ಟೂರ್ನಿಗಳು ಬರುತ್ತಿದ್ದವು. ಹಾಜರಾತಿಯಲ್ಲಿ ನಾವು ರಿಯಾಯಿತಿ ಕೊಟ್ಟೆವು, ತಪ್ಪಿದ ಪಾಠವನ್ನು ಕೊಡಲಿಲ್ಲ. ಟ್ರೋಫಿ ಬಂದಾಗ ಪ್ರಾಂಶುಪಾಲರ ಕೊಠಡಿಯಲ್ಲಿ ಚಿತ್ರ ತೆಗೆಸಿಕೊಂಡೆವು, ಅದನ್ನು ಪ್ರವೇಶದ ಕರಪತ್ರದಲ್ಲಿ ಅಚ್ಚು ಹಾಕಿಸಿದೆವು. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಅವನು ಅನುತ್ತೀರ್ಣನಾದಾಗ ಆ ಚಿತ್ರದಲ್ಲಿದ್ದ ನಾವು ಯಾರೂ ಅವನ ಪಕ್ಕದಲ್ಲಿರಲಿಲ್ಲ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಅಲ್ಲಿಯ ಕಾಲೇಜು ಕ್ರೀಡೆಯೆಂದರೆ ಕೋಟಿಗಟ್ಟಲೆ ಡಾಲರಿನ ವ್ಯವಹಾರವೆಂದೇ ನಾವು ತಿಳಿದಿದ್ದೇವೆ. ಆದರೆ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೂರನೆಯ ಶ್ರೇಣಿಯಲ್ಲಿ ನೂರಾರು ಸಣ್ಣ ಕಾಲೇಜುಗಳಿವೆ. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದನ್ನು ಆ ಶ್ರೇಣಿಯ ನಿಯಮವೇ ನಿಷೇಧಿಸುತ್ತದೆ. ಅಲ್ಲಿ ಆಡುವವನು ಆಟದಿಂದ ಹೊಟ್ಟೆ ಹೊರೆಯುವ ಆಸೆಯಿಂದ ಆಡುವುದಿಲ್ಲ. ಓದಲು ಬಂದವನು, ಜೊತೆಗೆ ಆಡುತ್ತಾನೆ. ನಮ್ಮ ಸಣ್ಣ ಕಾಲೇಜುಗಳಿಗೆ ಬೇಕಾದದ್ದು ಅಲ್ಲಿಯ ಹಣವಲ್ಲ, ಈ ಸ್ಪಷ್ಟತೆ.

ಮಾಡಬೇಕಾದದ್ದು ದುಬಾರಿಯದೇನೂ ಅಲ್ಲ. ತಂಡಕ್ಕೆ ಸೇರುವ ದಿನವೇ ಯಾವ ಪ್ರಮಾಣಪತ್ರಕ್ಕೆ ಎಲ್ಲಿ ಬೆಲೆಯಿದೆ, ಎಲ್ಲಿ ಇಲ್ಲ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಪುಟವನ್ನು ಕಾಲೇಜು ವಿದ್ಯಾರ್ಥಿಗೂ ಪೋಷಕರಿಗೂ ಕೊಡಲಿ. ತಂಡಕ್ಕೊಬ್ಬ ಅಧ್ಯಾಪಕರು ಓದಿನ ಹೊಣೆ ಹೊರಲಿ. ಟೂರ್ನಿಯಿಂದ ಮರಳಿದ ವಾರ ತಪ್ಪಿದ ಪಾಠಗಳು ನಡೆಯಲಿ. ಪರೀಕ್ಷೆಯ ದಿನವೇ ಪಂದ್ಯ ಬಿದ್ದರೆ ವಿಶ್ವವಿದ್ಯಾಲಯ ಪ್ರತ್ಯೇಕ ಪರೀಕ್ಷೆ ನಡೆಸಲಿ. ಕೊನೆಯ ವರ್ಷದ ಆಟಗಾರರಿಗೆ ರೆಫರಿಯಾಗುವ, ಸ್ಕೋರು ಬರೆಯುವ, ಮಕ್ಕಳಿಗೆ ಕಲಿಸುವ ತರಬೇತಿ ಸಿಗಲಿ. 2025ರಲ್ಲಿ ನಗರಾಡಳಿತ ಐದು ಪಾಲಿಕೆಗಳಾದಾಗ ನಮ್ಮ ಭಾಗಕ್ಕೂ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಎಂಬುದೊಂದು ಬಂದಿದೆ. ತನ್ನ ಆಟದ ಮೈದಾನಗಳಿಗೆ ಈ ಪದವೀಧರರನ್ನು ನಿಗದಿತ ಸಂಬಳದ ಮೇಲೆ ತರಬೇತುದಾರರನ್ನಾಗಿ ನೇಮಿಸುವುದು ಅದರ ಕೈಯಲ್ಲಿಲ್ಲದ ಕೆಲಸವಲ್ಲ. ಇನ್ನು ಸರ್ಕಾರಗಳು ಕೋಟಾ ಹೆಚ್ಚಿಸಲಿ, ಬೇಡವೆನ್ನುವವರಾರು? ಆದರೆ ಅದು ಎಷ್ಟೇ ಹೆಚ್ಚಿದರೂ ಪ್ರತಿ ತಂಡದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಅದರ ಹೊರಗೇ ಉಳಿಯುತ್ತಾರೆ. ಕಾಲೇಜಿನ ಕರ್ತವ್ಯ ಇರುವುದು ಆ ಹನ್ನೊಂದು ಮಂದಿಯ ಕಡೆಗೆ.

ನನ್ನ ಪಾಲಿನ ಕೆಲಸವನ್ನು ಆರಂಭಿಸಿದ್ದೇನೆ. ಆ ಹುಡುಗ ವಾರಕ್ಕೆರಡು ಸಂಜೆ ಅಂಕಣದಿಂದ ನೇರವಾಗಿ ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಾನೆ. ಪಡಸಾಲೆಯ ಮೇಜು ಅವನ ಕಾಲಿಗೆ ಗಿಡ್ಡ. ಪಕ್ಕಕ್ಕೆ ತಿರುಗಿ ಕುಳಿತೇ ಲೆಕ್ಕ ಮಾಡುತ್ತಾನೆ. ಬಾಕಿ ಎರಡು ವಿಷಯಗಳಿಗೆ ಪರೀಕ್ಷಾ ಶುಲ್ಕ ಕಟ್ಟಿಯಾಗಿದೆ.