ನವೆಂಬರ್ ಒಂದಕ್ಕೆ ಮಾತ್ರವೆ ಇಳಕಲ್ಲ ಸೀರೆ?

ಕಳೆದ ರಾಜ್ಯೋತ್ಸವದ ದಿನ ನಮ್ಮ ಶಾಲೆಯ ಸ್ಟಾಫ್ ರೂಮು ನೋಡುವಂತಿತ್ತು. ಹನ್ನೊಂದು ಜನ ಶಿಕ್ಷಕಿಯರಿಗೂ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮೂಗಿಗೆ ಒತ್ತಿ ಸಿಕ್ಕಿಸಿಕೊಂಡ ನತ್ತು. ಫೋಟೋ ತೆಗೆದದ್ದೇ ತೆಗೆದದ್ದು. ಮರುದಿನ ನಾನು ಎಂದಿನಂತೆ ಇನ್ನೊಂದು ಇಳಕಲ್ಲ ಸೀರೆ ಉಟ್ಟು ಹೋದೆ. ಉಳಿದ ಹತ್ತೂ ಜನ ತಂತಮ್ಮ ಜಾರುವ ಸೀರೆಗಳಿಗೆ ಮರಳಿದ್ದರು. "ಯಾಕ್ರಿ ಮೇಡಂ, ಇವತ್ತೂ ಏನರ ಕಾರ್ಯಕ್ರಮ ಐತೇನ್ರಿ?" ಎಂದು ಕಿರಿಯ ಶಿಕ್ಷಕಿಯೊಬ್ಬಳು ಕೇಳಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ನಾವಿರುವುದು ಬಾಗಲಕೋಟೆಯಲ್ಲಿ. ಹುನಗುಂದ ದಾಟಿದರೆ ಇಳಕಲ್ಲು. ಇಷ್ಟು ಹತ್ತಿರ ಇದ್ದೂ ಆ ಸೀರೆಯನ್ನು ನಾವೇ ವೇಷ ಮಾಡಿಬಿಟ್ಟೆವಲ್ಲ! ಇದು ಮೆರವಣಿಗೆಗೆಂದು ಹುಟ್ಟಿದ ಸೀರೆಯಲ್ಲ, ದುಡಿಯಲು ಹುಟ್ಟಿದ್ದು. ಹುನಗುಂದದ ಎರೆಹೊಲದಲ್ಲಿ ನನ್ನ ಅಜ್ಜಿ ಕಚ್ಚೆ ಹಾಕಿ ಜೋಳ ಕೊಯ್ದದ್ದು ಒಂಬತ್ತು ಗಜದ ಇಳಕಲ್ಲ ಸೀರೆಯಲ್ಲಿ. ಸೆರಗಿನ ತುದಿಗೆ ಎಲೆ ಅಡಿಕೆ, ಚಿಲ್ಲರೆ ಕಟ್ಟಿಕೊಂಡದ್ದು, ಬಿಸಿಲಿಗೆ ತಲೆಯ ಮೇಲೆ ಹೊದ್ದದ್ದು ಎಲ್ಲ ಅದರಲ್ಲೇ. ಹಬ್ಬಕ್ಕೆ ಬೇರೆ ಸೀರೆ ಇತ್ತು, ಆದರೆ ಅದೂ ಇಳಕಲ್ಲೇ, ಒಡಲಿಗೂ ರೇಷ್ಮೆ ಇದ್ದದ್ದು, ಅಷ್ಟೆ ವ್ಯತ್ಯಾಸ.

ಬೈಗುಳ ನನ್ನಿಂದಲೇ ಶುರುವಾಗಲಿ. 1993ರಲ್ಲಿ ಬಾದಾಮಿಯಲ್ಲಿ ನನಗೆ ಮೊದಲ ನೌಕರಿ. ಇಳಕಲ್ಲ ಸೀರೆ ಉಟ್ಟರೆ ಹಳ್ಳಿಯವಳೆಂದಾರು ಎಂಬ ಅಂಜಿಕೆಯಿಂದ ಮೊದಲ ಪಗಾರದಲ್ಲಿ ಎರಡು ಜಾರ್ಜೆಟ್ ಸೀರೆ ಕೊಂಡೆ. ಮಕ್ಕಳನ್ನು ಮೇಣಬಸದಿಗೆ ಕರೆದೊಯ್ದ ದಿನ ಮೆಟ್ಟಿಲು ಹತ್ತುವಾಗ ಒಂದು ಕೈ ನೆರಿಗೆಗೆ, ಒಂದು ಕೈ ಸೆರಗಿಗೆ. ಬಾದಾಮಿಯ ಮಂಗಗಳನ್ನು ಓಡಿಸಲು ಮೂರನೆಯ ಕೈ ಇರಲಿಲ್ಲ! ಅಷ್ಟಾದರೂ ಬುದ್ಧಿ ಬರಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿದ್ದ ಏಳು ಸೀರೆಗಳನ್ನು ಮನೆ ಬಾಗಿಲಿಗೆ ಬಂದ ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ, ಎರಡು ತಾಟು ತೆಗೆದುಕೊಂಡೆ. ಅದರಲ್ಲೊಂದು ಚಂದ್ರಕಾಳಿ, ಕಪ್ಪು ಒಡಲಿಗೆ ಕೆಂಪು ಸೆರಗು. ಅವ್ವ ಪ್ರತಿ ಸಂಕ್ರಾಂತಿಗೆ ಉಡುತ್ತಿದ್ದಳು. ಆ ಡಬ್ಬಿಯಲ್ಲಿ ಈಗ ಶೇಂಗಾ ಹಿಂಡಿ ಇಟ್ಟಿದ್ದೇನೆ. ಮುಚ್ಚಳ ತೆಗೆದಾಗಲೆಲ್ಲ ಚಂದ್ರಕಾಳಿ ನೆನಪಾಗುತ್ತದೆ.

ಅಂಥ ಸೀರೆಗಳು ಇಂದು ಬೆಂಗಳೂರಿನ ಅಂಗಡಿಗಳಲ್ಲಿ 'ವಿಂಟೇಜ್' ಎಂಬ ಚೀಟಿ ಕಟ್ಟಿಕೊಂಡು ತೂಗುತ್ತವೆ. ನಾವು ಹಳತೆಂದು ಎಸೆದದ್ದಕ್ಕೆ ಇಂಗ್ಲಿಷ್ ಹೆಸರಿಟ್ಟ ಕೂಡಲೆ ನಮಗೇ ಅದು ಚೆಂದ ಕಾಣತೊಡಗಿತು! ನನ್ನ ಮಗಳು ಆಫೀಸಿಗೆಂದು ಇಂಥದ್ದೊಂದು ಫ್ರಾಕು ತಂದಿದ್ದಳು. ಕನ್ನಡಕ ಹಾಕಿಕೊಂಡು ನೋಡಿದೆ. ಸೆರಗನ್ನು ಎರಡು ತುಂಡು ಮಾಡಿ ಎದೆಗೊಂದು, ಬೆನ್ನಿಗೊಂದು ಹೊಲಿದಿದ್ದರು. ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು.

ಕತ್ತರಿಸುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಸವೆದ ಸೀರೆ ಕೌದಿಯಾಗಿದೆ, ಕೂಸಿನ ಕುಂಚಿಗೆಯಾಗಿದೆ. ಚೂಡಿದಾರವೇ ಅನುಕೂಲವೆನ್ನುವವರು ಒಡಲಿನ ಬಟ್ಟೆಯಲ್ಲಿ ಧಾರಾಳವಾಗಿ ಕುರ್ತಾ ಹೊಲಿಸಲಿ, ದಡಿಯನ್ನು ತೋಳಿಗೆ ಇಡಿಸಲಿ. ಅಜ್ಜಿಯ ಒಂಬತ್ತು ಗಜವನ್ನು ನಾವು ಆರಕ್ಕೆ ಇಳಿಸಿದಾಗ ಅವಳೂ ಮುಖ ಸಿಂಡರಿಸಿದ್ದಳು. ಆದರೆ ಒಡಲಿಗೂ ಸೆರಗಿಗೂ ಇರುವ ಕೂಡಿಕೆಗೆ ಮಾತ್ರ ಕತ್ತರಿ ತಾಗಿಸಬೇಡಿ. ಇಳಕಲ್ಲ ಸೀರೆಯ ಜೀವ ಅಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಕೈಯಿಂದಲೇ ಕೂಡಿಸುತ್ತಾರೆ. ಆಮೇಲೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವುದು. ಕೆಂಪು ಬಿಳುಪಿನಲ್ಲಿ ಹಣಿಗೆ, ಜೋಳದ ತೆನೆ, ಕೋಟೆ ಮೂಡುವ ಆ ಸೆರಗಿಗೇ ಟೋಪ್ ತೆನಿ ಎನ್ನುವುದು. ಸೆರಗು ಹೀಗೆ ಕೂಡಬೇಕಾದ್ದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧವಾಗಬೇಕು, ಥಾನುಗಟ್ಟಲೆ ಒಂದೇ ಸಮ ನೇಯ್ದು ಹಾಕಲು ಬರುವುದಿಲ್ಲ. ಹಾಸು ಹೂಡುವುದು, ಕಂಡಿಕೆ ಸುತ್ತುವುದು ಎಂದರೆ ಮನೆಯ ಹೆಂಗಸರೂ ದಿನವಿಡೀ ದುಡಿಯಬೇಕು. ಸೀರೆಯ ಬೆಲೆ ಕೇಳಿ ಮೂಗು ಮುರಿಯುವವರು ಇದನ್ನು ತಿಳಿದಿರಬೇಕು.

ಕೊಳ್ಳುವಾಗ ಸೀರೆ ಮಗುಚಿ, ಒಡಲು ಸೆರಗು ಕೂಡುವ ಕಡೆ ಬೆರಳಾಡಿಸಿ. ಕೂಡಿಕೆ ಕೈಗೆ ಹತ್ತಬೇಕು. ಯಂತ್ರಮಗ್ಗದ ನಕಲಿನಲ್ಲಿ ಅದಿರುವುದಿಲ್ಲ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಿಂದಲೂ ಇದೆ. ಆದರೆ ಕಾಯ್ದೆ ಪೇಟೆಗೆ ಬಂದು ಸೀರೆ ಮಗುಚಿ ನೋಡುವುದಿಲ್ಲ.

"ಇಳಕಲ್ಲ ನನಗ ಒಪ್ಪೂದಿಲ್ರಿ, ದಪ್ಪ ಕಾಣ್ತೀನಿ" ಎಂದು ಗೆಳತಿಯರು ತಕರಾರು ತೆಗೆಯುತ್ತಾರೆ. ತಾಯಿ, ದಪ್ಪ ಕಾಣಿಸುವುದು ಸೀರೆಯಲ್ಲ, ಹೊಸ ಸೀರೆಯ ಗಂಜಿ. ಉಪ್ಪುನೀರಿನಲ್ಲಿ ಬೇರೆಯಾಗಿ ಎರಡು ಸಲ ಒಗೆಯಿರಿ, ಮೈಗೆ ಅಂಟಿ ನಿಲ್ಲುತ್ತದೆ. ಕುಳ್ಳಗಿದ್ದವರು ಸಣ್ಣ ದಡಿಯನ್ನು ಆರಿಸಿ. ಎತ್ತರ ಇದ್ದವರಿಗೆ ಅಗಲ ದಡಿ ಒಪ್ಪುತ್ತದೆ. ಗೋಮಿ, ಚಿಕ್ಕಿ, ಪರಾಸ್ಪೇಟೆ, ಗಾಡಿ ಎಂದು ಹೆಸರು ಹೇಳಿ ಕೇಳಿದರೆ ಅಂಗಡಿಯವನೂ ನಿಮ್ಮೊಂದಿಗೆ ಮರ್ಯಾದೆಯಿಂದ ಮಾತಾಡುತ್ತಾನೆ. ಶಾಲೆ, ಬ್ಯಾಂಕು, ಕಚೇರಿಗೆ ಒಡಲು ಪೂರ್ತಿ ಹತ್ತಿಯದಿರಲಿ, ಸಣ್ಣ ಚೌಕಡಿಯೋ ಸಣ್ಣ ಗೆರೆಯೋ ಇರಲಿ. ಸೆರಗೇ ಸಾಕಷ್ಟು ಮಾತಾಡುವುದರಿಂದ ಕುಪ್ಪಸ ಸುಮ್ಮನಿದ್ದರೆ ಚೆಂದ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ, ಹಂಚಿನ ಕೆಳಗೆ, ಕೈಯೆತ್ತಿ ಬೋರ್ಡಿನ ಮೇಲೆ ಬರೆಯುವವಳಿಗೆ ಬೆವರು ಹೀರುವ, ಹೆಗಲಿನಿಂದ ಜಾರದ ಸೀರೆಗಿಂತ ಒಪ್ಪುವ ಉಡುಪು ಯಾವುದಿದೆ?

ಹಿಂದೊಮ್ಮೆ ನಾನಿದ್ದ ಶಾಲೆಯಲ್ಲಿ ಶಿಕ್ಷಕಿಯರೆಲ್ಲ ಸೋಮವಾರ ಒಂದೇ ಬಣ್ಣದ ಸೀರೆ ಉಡಬೇಕೆಂದು ಠರಾವಾಯಿತು. ಸಿಂಥೆಟಿಕ್ ಸೀರೆ ಒಟ್ಟಿಗೆ ತರಿಸುವುದೆಂದೂ ಆಯಿತು. ಗಂಡಸರಿಗೆ ಯಾವ ಠರಾವೂ ಇರಲಿಲ್ಲ ಎಂಬುದನ್ನು ಹೇಳಬೇಕಿಲ್ಲವಷ್ಟೆ. "ಒಂದೇ ಥರ ಬೇಕೆಂದರೆ ಇಳಕಲ್ಲ ಸೀರೆಯನ್ನೇ ತರಿಸಿರಿ" ಎಂದೆ. "ಅದು ಡ್ಯೂಟಿಗೆ ಡಿಸೆಂಟ್ ಕಾಣೂದಿಲ್ಲ ಬಿಡ್ರಿ" ಎಂದರು. ಹಾಗೆಂದವರನ್ನು ಅವರ ತಾಯಿ ಎತ್ತಿ ಆಡಿಸಿದ್ದು ಯಾವ ಸೀರೆಯ ಸೆರಗಿನಲ್ಲೋ! ಆ ಸಭೆಯಲ್ಲಿ ಈ ಮಾತು ಆಡಲಿಲ್ಲ. ಈಗ ಆಡಿದ್ದೇನೆ.

ತುಟ್ಟಿ ಎಂಬ ಮಾತು ಸುಳ್ಳಲ್ಲ. ಒಂದು ಕೈಮಗ್ಗದ ಸೀರೆಯ ಬೆಲೆಗೆ ಮೂರು ಜಾರುವ ಸೀರೆ ಬರುತ್ತವೆ. ಆದರೆ ಆ ಮೂರರಲ್ಲಿ ಯಾವುದೂ ಮಗಳಿಗೆ ದಾಟುವುದಿಲ್ಲ, ಕೌದಿಗೂ ಬಾರದು. ನನ್ನ ಕಪಾಟಿನಲ್ಲಿ ಈಗ ಆರು ಇಳಕಲ್ಲ ಸೀರೆಗಳಿವೆ. ವಾರಕ್ಕೆ ಅಷ್ಟೇ ಕೆಲಸದ ದಿನಗಳಲ್ಲವೆ?

ಕಾರ್ಯಕ್ರಮ ಐತೇನು ಎಂದು ಕೇಳಿದ ಹುಡುಗಿಗೆ ಆ ದಿನ ಇಷ್ಟೆಲ್ಲ ಹೇಳಲು ಬಿಡುವಿರಲಿಲ್ಲ, ಗಂಟೆ ಹೊಡೆದಿತ್ತು. "ಹೌದವ್ವಾ, ಏಳನೇತ್ತಾ ವ್ಯಾಕರಣ ಐತಿ" ಎಂದು ನಡೆದೆ. ಮೊನ್ನೆ ಅವಳೇ ಬಂದು, "ಮೇಡಂ, ದಿನಾ ಉಡೂ ಅಂಥಾದ್ದು ಎಲ್ಲಿ ಸಿಗ್ತಾವ್ರಿ?" ಎಂದಳು. ಈ ಭಾನುವಾರ ಇಬ್ಬರೂ ಬೆಳಗಿನ ಬಸ್ಸಿಗೆ ಇಳಕಲ್ಲಿಗೆ ಹೊರಟಿದ್ದೇವೆ. ಅವಳು ಕುಳ್ಳಗಿದ್ದಾಳೆ, ಸಣ್ಣ ದಡಿಯದನ್ನೇ ತೆಗೆಸಬೇಕು.