ಊಟಕ್ಕೆ ಮುಂಚೆ ನಾಲ್ಕು ಸಾಲು

ಈ ವಾರ ಬಂದ ಪ್ರಶ್ನೆ ಸ್ವಲ್ಪ ಬೇರೆ ಥರದ್ದು. ಹುಡುಗಿ ಕುದ್ರೋಳಿಯ ಬಿಲ್ಲವರ ಮನೆಯವಳು. ಹುಡುಗ ಮಂಗಳೂರಿನವನೇ, ಕೊಂಕಣಿ ಮಾತಾಡುವ ಕ್ಯಾಥೊಲಿಕ್, ಕೆಲಸ ಸ್ಕಾಟ್‌ಲೆಂಡಿನಲ್ಲಿ. ರಿಜಿಸ್ಟರ್ ಮದುವೆಗೆ ಎರಡೂ ಮನೆಯವರು ಒಪ್ಪಿಯಾಗಿದೆ. ಈಗ ತಕರಾರು ಊಟದ್ದು ಮಾರಾಯ್ರೆ! "ಪ್ರಾರ್ಥನೆ ಇಲ್ಲದೆ ತುತ್ತು ಎತ್ತುವುದು ಹೇಗೆ?" ಅಂತ ಹುಡುಗನ ಅಮ್ಮ. "ಅವರದ್ದು ಮಾತ್ರ ಆದ್ರೆ ನಾನು ಮನೆಯಲ್ಲೇ ಉಣ್ತೇನೆ" ಅಂತ ಹುಡುಗಿಯ ಅಜ್ಜ. ನಡುವೆ ಹುಡುಗ, "ಸ್ಕಾಟ್‌ಲೆಂಡಿನ ಸೆಲ್ಕರ್ಕ್ ಗ್ರೇಸ್ ಹೇಳಿದ್ರೆ ಯಾರಿಗೂ ಬೇಜಾರಿಲ್ಲ ಅಲ್ವಾ?" ಅಂತಿದ್ದಾನೆ.

ಸೆಲ್ಕರ್ಕ್ ಗ್ರೇಸ್ ಚೆಂದವೇ. ಕವಿ ರಾಬರ್ಟ್ ಬರ್ನ್ಸ್ ಹೆಸರಿನಲ್ಲಿ ಪ್ರಸಿದ್ಧ. ಅವನ ಹುಟ್ಟುಹಬ್ಬ ಜನವರಿ 25ರ ಔತಣಗಳಲ್ಲಿ ಇದನ್ನು ಹೇಳಿಯೇ ಊಟ. ಕೆಲವರಿಗೆ ಅನ್ನ ಉಂಟು, ಉಣ್ಣಲಾಗದು; ಕೆಲವರಿಗೆ ಹಸಿವುಂಟು, ಅನ್ನ ಇಲ್ಲ; ನಮಗೆ ಎರಡೂ ಉಂಟು, ದೇವರಿಗೆ ವಂದನೆ ಎಂಬುದು ಅದರ ಸಾರ. ನಾಲ್ಕೇ ಸಾಲು. ಆದರೆ ಅದು ಸ್ಕಾಟ್ಸ್ ಭಾಷೆಯಲ್ಲಿದೆ. ಕುದ್ರೋಳಿಯ ಅಜ್ಜನಿಗೂ ಹುಡುಗನ ಅಮ್ಮನಿಗೂ ಅದು ಹೊರಗಿನದೇ. ಯಾರಿಗೂ ಬೇಜಾರಾಗದಿದ್ದರೆ ಸಾಲದು, ಯಾರದ್ದಾದರೂ ಆಗಬೇಕಲ್ಲ?

ನಮ್ಮಲ್ಲೇನು ಕೊರತೆ ಇಲ್ಲ. ಭಗವದ್ಗೀತೆಯ ನಾಲ್ಕನೇ ಅಧ್ಯಾಯದ 'ಬ್ರಹ್ಮಾರ್ಪಣಂ' ಉಂಟು, ಪಂಕ್ತಿಯಲ್ಲಿ ಕೂಗುವ 'ಗೋವಿಂದ' ಉಂಟು, ಬ್ಯಾರಿಗಳ ಮನೆಯ 'ಬಿಸ್ಮಿಲ್ಲಾ' ಉಂಟು, ಪಾದ್ರಿಗಳು ಹೇಳುವ ಆಶೀರ್ವಾದವೂ ಉಂಟು. ಒಂದನ್ನು ಆರಿಸಿದರೆ ಇನ್ನೊಬ್ಬರು ಪಂಕ್ತಿಯಿಂದ ಏಳುತ್ತಾರೆ ಎಂಬುದೇ ಭಯ.

ಇದಕ್ಕೆ ದಾರಿ ಕುದ್ರೋಳಿಯಲ್ಲೇ ಉಂಟು. ದೇವಸ್ಥಾನಗಳ ಒಳಗೆ ಬಿಲ್ಲವರಿಗೆ ಪ್ರವೇಶ ಇಲ್ಲದ ಕಾಲದಲ್ಲಿ, 1912ರಲ್ಲಿ, ನಾರಾಯಣ ಗುರುಗಳು ಇಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. 1914ರಲ್ಲಿ ಮಲಯಾಳದಲ್ಲಿ 'ದೈವದಶಕಂ' ಎಂಬ ಹತ್ತು ಪದ್ಯಗಳ ಪ್ರಾರ್ಥನೆ ಬರೆದರು. ಅದರ ಮೂರನೇ ಪದ್ಯ ಅನ್ನ ಬಟ್ಟೆಗೆ ಕೊರತೆಯಾಗದಂತೆ ಕಾಯುವವನನ್ನು ನೆನೆಯುತ್ತದೆ. ಅಲ್ಲಿ ಯಾವ ದೇವರ ಹೆಸರೂ ಇಲ್ಲ. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕೂರಿಸಿ ಉಣಿಸಿದರು. ಅದಕ್ಕಾಗಿ ಬಹಿಷ್ಕಾರವನ್ನೂ ಎದುರಿಸಿದರು. ಒಂದೇ ಪಂಕ್ತಿಯಲ್ಲಿ ಕೂರುವುದು ಅಷ್ಟು ಸುಲಭಕ್ಕೆ ಸಿಕ್ಕಿದ್ದಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಆ ಮೂರನೇ ಪದ್ಯದ ಅರ್ಥವನ್ನು ತುಳುವಿನಲ್ಲಿ ಎರಡು ಸಾಲು, ಕೊಂಕಣಿಯಲ್ಲಿ ಎರಡು ಸಾಲು ಮಾಡಿಕೊಳ್ಳಿ. ತುಳುವಿನದ್ದನ್ನು ಅಜ್ಜ ಹೇಳಲಿ, ಕೊಂಕಣಿಯದ್ದನ್ನು ಹುಡುಗನ ಅಮ್ಮ ಹೇಳಲಿ. ಹೇಳುವ ಕೆಲಸ ಸಿಕ್ಕಿದ ಹಿರಿಯರು ಮನೆಯಲ್ಲೇ ಉಳಿಯುವುದು ಕಡಿಮೆ! ಮೊದಲೇ ಇಬ್ಬರಿಗೂ ತೋರಿಸಿ, ಒಪ್ಪಿಗೆ ತಗೊಳ್ಳಿ. ಸ್ಕಾಟ್‌ಲೆಂಡಿನ ಗೆಳೆಯರು ಬಂದರೆ ಕೊನೆಗೆ ಅವರ ನಾಲ್ಕು ಸಾಲೂ ಆಗಲಿ. ಒಟ್ಟು ಒಂದು ನಿಮಿಷ ದಾಟಬಾರದು, ಅನ್ನ ಆರುತ್ತದೆ.

ಇನ್ನೊಂದು ಮಾತು. ಬಫೆ ಇಟ್ಟರೆ ಜನ ತಟ್ಟೆ ಹಿಡಿದು ಸಾಲಲ್ಲಿ ನಿಂತಿರುತ್ತಾರೆ, ಯಾರ ಕಿವಿಗೂ ಏನೂ ಬೀಳುವುದಿಲ್ಲ. ಮೊದಲ ಪಂಕ್ತಿಗಾದರೂ ಬಾಳೆಎಲೆ ಹಾಕಿಸಿ, ಎರಡೂ ಮನೆಯವರನ್ನು ಬೆರೆಸಿ ಕೂರಿಸಿ. ಎಲೆಗೆ ಅನ್ನ ಬಿದ್ದ ಮೇಲೆ ಹಾಡು ನಿಲ್ಲಿಸಿ, ಮೈಕ್ ಅಜ್ಜನ ಕೈಗೆ ಕೊಡಿ.